ಡ್ರಾಯರ್‌ನಲ್ಲಿ ಆರು ವಾರ ಕೂತ ಮಾತ್ರೆ: ಪ್ಯಾನಿಕ್‌ಗೆ ಔಷಧಿ ಬೇಕೋ ಬೇಡವೋ ಎಂಬ ಒಂದು ಪ್ರಕರಣ

ನಾನು ಮನಃಶಾಸ್ತ್ರಜ್ಞೆ. ಮಾತುಕತೆಯ ಚಿಕಿತ್ಸೆ ಕೊಡುತ್ತೇನೆ, ಮಾತ್ರೆ ಬರೆಯುವುದಿಲ್ಲ. ಆದರೂ ನನ್ನ ಎದುರು ಕೂರುವವರಲ್ಲಿ ಎಷ್ಟೋ ಜನ ಮೊದಲ ದಿನವೇ ಕೇಳುವುದು ಇದನ್ನೇ: "ಮೇಡಂ, ಮಾತ್ರೆ ತಗೋಬೇಕಾ?" ಹೌದು ಅಥವಾ ಬೇಡ ಅಂತ ಹೇಳಿಬಿಡುವುದು ಸುಲಭ. ಅದರಿಂದ ಕೇಳಿದವರ ತಲೆ ಹಗುರಾಗುತ್ತಾ ಅನ್ನುವುದು ಬೇರೆ ಮಾತು.

ಒಬ್ಬ ಮಹಿಳೆ ಈ ತೀರ್ಮಾನಕ್ಕೆ ಹೇಗೆ ಬಂದರು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಬರೆದದ್ದನ್ನು ಅವರೇ ಓದಿ ಎರಡು ಕಡೆ ತಿದ್ದಿಸಿದ್ದಾರೆ. ಗುರುತು ಸಿಗಬಾರದು ಅಂತ ವಯಸ್ಸು ಮತ್ತು ಸಂಸಾರದ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಕೊಟ್ಟಿಲ್ಲ.

ಹಿನ್ನೆಲೆ

ಅವರಿಗೆ ಆಗ 36 ವರ್ಷ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮೊದಲ ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದ ಹಾಗೆ ಎರಗುವ ತೀವ್ರ ಭಯ) ಬಂದಾಗ ಮನೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದರಂತೆ. ಜಗಳ ಆಗಿರಲಿಲ್ಲ, ಕೆಟ್ಟ ಸುದ್ದಿ ಬಂದಿರಲಿಲ್ಲ. ಇದ್ದಕ್ಕಿದ್ದ ಹಾಗೆ ಎದೆ ಧಸಕ್ ಎಂದಿತು. ಕೈ ಜೋಮು ಹಿಡಿಯಿತು, ಉಸಿರು ಸಾಲದಾಯಿತು. ಕೈಯಲ್ಲಿದ್ದ ಅಂಗಿಯನ್ನು ಬಿಡಲೂ ಆಗಲಿಲ್ಲ, ಮಡಚಲೂ ಆಗಲಿಲ್ಲ. "ಇಷ್ಟೇ, ಮುಗೀತು" ಅನ್ನಿಸಿತಂತೆ. ಹತ್ತು ಹದಿನೈದು ನಿಮಿಷಕ್ಕೆ ಇಳಿಯಿತು. ಅಷ್ಟರಲ್ಲಿ ಅವರು ಆಸ್ಪತ್ರೆಯ ದಾರಿಯಲ್ಲಿದ್ದರು.

ಇಸಿಜಿ ಸರಿ ಇತ್ತು. ರಕ್ತಹೀನತೆ ಇರಲಿಲ್ಲ, ಸಕ್ಕರೆ ಸರಿ ಇತ್ತು, ಥೈರಾಯ್ಡ್ ಸರಿ ಇತ್ತು. ಈ ಪರೀಕ್ಷೆಗಳು ಬೇಕೇ ಬೇಕು. ಥೈರಾಯ್ಡ್ ಜಾಸ್ತಿಯಾದರೂ, ಎದೆಬಡಿತದ ಲಯ ತಪ್ಪಿದರೂ, ಕಾಫಿ ಮಿತಿ ಮೀರಿದರೂ ಹೆಚ್ಚುಕಡಿಮೆ ಇದೇ ಲಕ್ಷಣ ಕಾಣಬಹುದು. ಆದರೆ ಒಂದು ಸಲ ಸರಿ ಎಂದ ಮೇಲೂ ಅವರಿಗೆ ನಂಬಿಕೆ ಬರಲಿಲ್ಲ. ದಿನವಿಡೀ ಬೇರೆಯವರ ರಿಪೋರ್ಟ್ ತಯಾರು ಮಾಡುವವರು, ತಮ್ಮ ಥೈರಾಯ್ಡ್ ಅನ್ನು ಮೂರು ತಿಂಗಳಲ್ಲಿ ಮೂರು ಸಲ ನೋಡಿಸಿದರು. 2.1, 1.9, 2.3. ಆ ಮೂರು ಹಾಳೆಗಳನ್ನು ಮೊದಲ ಭೇಟಿಯಲ್ಲಿ ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟರು. "ಮೂರೂ ನಾರ್ಮಲ್ ಮೇಡಂ. ಹಾಗಾದ್ರೆ ನನಗೆ ಆಗ್ತಿರೋದು ಏನು?"

ಎರಡನೇ ಅಟ್ಯಾಕ್ ಕಾರು ಓಡಿಸುವಾಗ, ಸೇತುವೆಯ ಮೇಲೆ ಬಂತು. ಅವತ್ತಿಗೆ ಕಾರು ನಿಂತಿತು. ಆಮೇಲೆ ಲಿಫ್ಟ್ ಬಿಟ್ಟರು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತೆ ಅಂತ ಮೆಟ್ಟಿಲನ್ನೂ ಬಿಟ್ಟರು. ಮನೆಯಲ್ಲಿ ಒಬ್ಬರೇ ಇರುವುದನ್ನು ಬಿಟ್ಟರು. ನನ್ನ ಹತ್ತಿರ ಬರುವಷ್ಟರಲ್ಲಿ ವಾರಕ್ಕೆ ನಾಲ್ಕು ಅಟ್ಯಾಕ್, ರಾತ್ರಿ ನಾಲ್ಕು ಗಂಟೆ ನಿದ್ದೆ. ಪ್ಯಾನಿಕ್‌ನ ತೀವ್ರತೆ ಅಳೆಯಲು 7 ಪ್ರಶ್ನೆಗಳ ಒಂದು ಪಟ್ಟಿ ಇದೆ, 0ಯಿಂದ 28ರವರೆಗೆ ಅಂಕ. ಅವರದು 19.

ಒಂದೆರಡು ಅಟ್ಯಾಕ್ ಯಾರಿಗಾದರೂ ಬರಬಹುದು. ಅದು ಮತ್ತೆ ಮತ್ತೆ, ಕಾರಣವಿಲ್ಲದೆ ಬಂದು, "ಇನ್ನೊಂದು ಯಾವಾಗ ಬರುತ್ತೋ" ಎಂಬ ಭಯ ಅಥವಾ ಅದಕ್ಕಾಗಿ ಬದುಕಿನ ರೀತಿ ಬದಲಿಸುವುದು ಒಂದು ತಿಂಗಳಿಗಿಂತ ಜಾಸ್ತಿ ಉಳಿದಾಗ ಅದನ್ನು ಪ್ಯಾನಿಕ್ ಕಾಯಿಲೆ ಅನ್ನುತ್ತೇವೆ. ಇವರಿಗೆ ಆ ವಿಷಯದಲ್ಲಿ ಅನುಮಾನವೇ ಇರಲಿಲ್ಲ.

ಮಾತ್ರೆ ಬಂತು, ತೀರ್ಮಾನ ಬರಲಿಲ್ಲ

ಅವರ ಬಳಿ ಎರಡು ಮಾತ್ರೆ ಇದ್ದವು. ಈ ಎರಡರ ವ್ಯತ್ಯಾಸ ಗೊತ್ತಾಗದೇ ಇದ್ದದ್ದೇ ಅರ್ಧ ತೊಡಕು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮೊದಲನೆಯದು ಅಲ್ಪ್ರಜೋಲಮ್, 0.25 ಮಿಲಿಗ್ರಾಂ. ಮೊದಲ ಅಟ್ಯಾಕ್ ದಿನ ಕೊಟ್ಟದ್ದು, "ತುಂಬಾ ಆದಾಗ ಒಂದು ತಗೊಳ್ಳಿ" ಅಂತ. ಆತಂಕವನ್ನು ಬೇಗ ತಗ್ಗಿಸುವ ಬೆಂಜೊಡಯಜೆಪೀನ್ ಎಂಬ ಗುಂಪಿಗೆ ಸೇರಿದ್ದು. ಅರ್ಧ ಮುಕ್ಕಾಲು ಗಂಟೆಯಲ್ಲಿ ಕೆಲಸ ಮಾಡುತ್ತದೆ. ದಿನಾ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆಮೇಲೆ ಬಿಡುವುದು ಕಷ್ಟ, ಥಟ್ಟನೆ ನಿಲ್ಲಿಸಿದರೆ ಅಪಾಯ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ 2011ರ ಮಾರ್ಗಸೂಚಿ ಪ್ಯಾನಿಕ್ ಕಾಯಿಲೆಗೆ ಇವನ್ನು ಬರೆಯಬೇಡಿ ಎನ್ನುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಗುಂಪಿನ ಮೇಲಿನ ಎಚ್ಚರಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿತು.

ಎರಡನೆಯದು ಸರ್ಟ್ರಲೀನ್, 25 ಮಿಲಿಗ್ರಾಂ. ಆಮೇಲೆ ಅವರು ಕಂಡ ಮನೋವೈದ್ಯರು ಬರೆದದ್ದು. ಒಂದು ವಾರ 25, ನಂತರ 50. ಇದು ಎಸ್‌ಎಸ್‌ಆರ್‌ಐ ಗುಂಪಿನದು, ಅಂದರೆ ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆ. ಪ್ಯಾನಿಕ್‌ಗೆ ಸಾಮಾನ್ಯವಾಗಿ ಮೊದಲು ಯೋಚಿಸುವುದು ಈ ಗುಂಪಿನ ಮಾತ್ರೆಗಳನ್ನೇ. ಇದು ತಕ್ಷಣ ಏನೂ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೆ ಸಣ್ಣ ಬದಲಾವಣೆ, ಪೂರ್ತಿ ಗುಣ ಕಾಣಲು 8ರಿಂದ 12 ವಾರ. ಇದನ್ನು ನುಂಗಿದರೆ ಅಮಲು ಬರುವುದಿಲ್ಲ, ಇನ್ನೊಂದು ಬೇಕು ಎಂಬ ಚಟವೂ ಹತ್ತುವುದಿಲ್ಲ. ಆದರೆ ದಿಢೀರ್ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಆಗುತ್ತದೆ. ಹಾಗಾಗಿ ನಿಧಾನವಾಗಿ ಇಳಿಸಬೇಕು.

ಅವರು ಮೊದಲನೆಯದನ್ನು ಎರಡೇ ಎರಡು ಸಲ ತೆಗೆದುಕೊಂಡಿದ್ದರು. ಎಷ್ಟು ಬೇಗ ಹಾಯೆನಿಸಿತೆಂದರೆ, ಅದೇ ಅವರನ್ನು ಹೆದರಿಸಿತು. "ಇದಕ್ಕೆ ನಾನು ದಾಸಿ ಆಗಿಬಿಡ್ತೀನಿ" ಅಂದುಕೊಂಡರು. ಆ ಹೆದರಿಕೆ ನ್ಯಾಯವಾದದ್ದೇ. ತೊಂದರೆ ಏನಾಯಿತೆಂದರೆ, ಅಲ್ಪ್ರಜೋಲಮ್ ಮೇಲಿನ ಭಯವನ್ನೆಲ್ಲ ಅವರು ಸರ್ಟ್ರಲೀನ್ ಮೇಲೆ ಹೊರಿಸಿದರು. ಸ್ಟ್ರಿಪ್ ಬಿಚ್ಚಲೇ ಇಲ್ಲ. ಮಂಚದ ಪಕ್ಕದ ಡ್ರಾಯರ್‌ನಲ್ಲಿ, ಕನ್ನಡಕದ ಡಬ್ಬಿಯ ಕೆಳಗೆ ಇಟ್ಟರು. ರಾತ್ರಿ ಕನ್ನಡಕ ಇಡುವಾಗೆಲ್ಲ ಅದು ಕಾಣುತ್ತಿತ್ತು. "ದಿನಾ ಅದನ್ನ ನೋಡ್ತೀನಿ, ದಿನಾ ನಾಳೆ ಅಂತೀನಿ" ಅಂದರು.

ಮನೆಯಲ್ಲಿ ಎರಡು ದನಿ. ಗಂಡನದು, "ಬೇಡ, ಒಂದ್ಸಲ ಶುರುವಾದ್ರೆ ಜೀವನಪೂರ್ತಿ." ಅಕ್ಕನದು, "ನಾನು ತಗೊಂಡಿರ್ಲಿಲ್ವಾ? ಸುಮ್ನೆ ನುಂಗು." ಇಬ್ಬರಿಗೂ ಅವರ ಮೇಲೆ ಪ್ರೀತಿ. ಇಬ್ಬರೂ ಮಾತ್ರೆಯ ಬಗ್ಗೆಯೇ ಮಾತಾಡುತ್ತಿದ್ದರು. ಇವರೊಳಗೆ ಕೊರೆಯುತ್ತಿದ್ದದ್ದು ಬೇರೆ. ಮೂರನೇ ಭೇಟಿಯಲ್ಲಿ ಅದು ಬಾಯಿಗೆ ಬಂತು. "ತಗೊಂಡ್ರೆ ನಾನು ಸೋತೆ ಅಂತ ಅಲ್ವಾ ಮೇಡಂ? ಎಲ್ಲರಿಗೂ ಟೆನ್ಷನ್ ಇರುತ್ತೆ. ಎಲ್ಲರೂ ಮಾತ್ರೆ ತಗೋತಾರಾ?"

ನನ್ನ ತಪ್ಪು

ಆ ಮಾತಿಗೆ ನಾನು ಹೇಳಿದ್ದು: "ಮಾತ್ರೆ ಇಲ್ಲದೆಯೂ ಇದು ವಾಸಿಯಾಗುತ್ತೆ, ಪ್ರಯತ್ನ ಮಾಡೋಣ."

ಇದು ಸುಳ್ಳಲ್ಲ. ಪ್ಯಾನಿಕ್‌ಗೆ ಮಾತುಕತೆಯ ಚಿಕಿತ್ಸೆ, ಅದರಲ್ಲೂ ಸಿಬಿಟಿ (ಯೋಚನೆ ಮತ್ತು ನಡವಳಿಕೆಯನ್ನು ಅಭ್ಯಾಸದಿಂದ ಬದಲಿಸುವ ಚಿಕಿತ್ಸೆ), ಒಂದೇ ಸಾಕಾಗುವವರು ಬಹಳ ಜನ ಇದ್ದಾರೆ. ನಾನು ನೋಡಿದ್ದೇನೆ. ಆದರೆ ಆ ದಿನ, ಆ ಪ್ರಶ್ನೆಗೆ ಅದನ್ನು ಹೇಳಿದ್ದು ತಪ್ಪಾಯಿತು. ಅವರು ಅದನ್ನು ಒಂದು ಪರೀಕ್ಷೆಯ ಹಾಗೆ ಕೇಳಿಸಿಕೊಂಡರು. ಮಾತ್ರೆ ಇಲ್ಲದೆ ಗೆದ್ದರೆ ಪಾಸು, ತೆಗೆದುಕೊಂಡರೆ ಫೇಲು. ಅವರ ಮನಸ್ಸಿನಲ್ಲಿ ಆಗಲೇ ಇದ್ದ ತಕ್ಕಡಿಗೆ ನಾನೂ ಒಂದು ಕಲ್ಲು ಹಾಕಿದೆ. ಇದು ನನಗೆ ಗೊತ್ತಾಗಲು ಐದು ವಾರ ಹಿಡಿಯಿತು.

ಆ ಐದು ವಾರ ನಾವು ಸುಮ್ಮನೆ ಕೂರಲಿಲ್ಲ. ಪ್ಯಾನಿಕ್ ಹೇಗೆ ಹುಟ್ಟುತ್ತದೆ ಅಂತ ಚಿತ್ರ ಬರೆದು ತೋರಿಸಿದೆ. ಮನಃಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಮುಂದಿಟ್ಟ ವಿವರಣೆ ಅದು. ದೇಹದಲ್ಲಿ ಏನೋ ಸಣ್ಣದಾಗುತ್ತದೆ, ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ ಅಂತಿಟ್ಟುಕೊಳ್ಳಿ. ಅದನ್ನು ಮನಸ್ಸು "ಹಾರ್ಟ್ ಅಟ್ಯಾಕ್" ಅಂತ ಓದುತ್ತದೆ. ಭಯ ಹುಟ್ಟುತ್ತದೆ. ಭಯಕ್ಕೆ ಅಡ್ರಿನಲಿನ್ ಸುರಿಯುತ್ತದೆ. ಬಡಿತ ಇನ್ನೂ ಜೋರಾಗುತ್ತದೆ. ಉಸಿರು ಬೇಗ ಬೇಗ ಎಳೆದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಅದು ಮತ್ತಷ್ಟು ಭಯ. ಗಾಣದ ಎತ್ತಿನ ಹಾಗೆ ಸುತ್ತು.

ಈ ಸುತ್ತು ಮುರಿಯಲು ಆ ಅನುಭವಗಳನ್ನೇ ಬೇಕೆಂದು ತಂದುಕೊಳ್ಳುವ ಅಭ್ಯಾಸ ಇದೆ. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತುವುದು, ಸಣ್ಣ ಸ್ಟ್ರಾದಿಂದ ಉಸಿರಾಡುವುದು, ನಿಂತಲ್ಲೇ ಓಡುವುದು. ತಲೆಸುತ್ತು ಬರುತ್ತದೆ, ಹೋಗುತ್ತದೆ, ಏನೂ ಆಗುವುದಿಲ್ಲ. ಅದನ್ನು ದೇಹವೇ ಕಲಿಯಬೇಕು. ಕುರ್ಚಿ ಸುತ್ತುವುದನ್ನು ಅವರು ಮೂರು ದಿನ ಮಾಡಿದರು. ನಾಲ್ಕನೇ ದಿನ ನಿಲ್ಲಿಸಿದರು. ನಾಲ್ಕು ಗಂಟೆ ನಿದ್ದೆ ಮಾಡಿ, ಇಡೀ ದಿನ ಹೆದರಿ ಬಳಲಿದವರಿಗೆ ಸಂಜೆ ಮತ್ತೆ ಬೇಕೆಂದು ಹೆದರಿಸಿಕೊಳ್ಳಲು ಕಸುವೇ ಉಳಿದಿರಲಿಲ್ಲ.

ಲೆಕ್ಕದಲ್ಲಿ ಅಟ್ಯಾಕ್ ನಾಲ್ಕರಿಂದ ಮೂರಕ್ಕೆ ಇಳಿದಿತ್ತು. ನನಗೆ ಖುಷಿಯಾಗಿತ್ತು. ಆಮೇಲೆ ಗೊತ್ತಾಯಿತು, ವಾರಕ್ಕೆ ಎರಡು ದಿನ ಕೆಲಸಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ಹೆದರಿಸುವ ಜಾಗಗಳು ಕಡಿಮೆಯಾದ್ದರಿಂದ ಅಟ್ಯಾಕ್ ಕಡಿಮೆಯಾಗಿತ್ತು. ಅಟ್ಯಾಕ್‌ಗಳನ್ನಷ್ಟೇ ಎಣಿಸುವವರು ಈ ಗುಂಡಿಗೆ ಬೀಳುತ್ತಾರೆ. ಎಷ್ಟು ಬಂತು ಅನ್ನುವುದರ ಜೊತೆ, ಏನೇನು ಬಿಟ್ಟಿರಿ ಅಂತಲೂ ಕೇಳಬೇಕು.

ಮೀನಮೇಷ ಎಣಿಸುತ್ತಾ ಆರು ವಾರ ಕಳೆದಿತ್ತು. ಅವರ ಲೆಕ್ಕದಲ್ಲಿ ತೀರ್ಮಾನ ಇನ್ನೂ ಬಾಕಿ. ಬದುಕಿನ ಲೆಕ್ಕದಲ್ಲಿ "ಬೇಡ" ಎಂಬ ತೀರ್ಮಾನ ಆರು ವಾರದಿಂದ ಜಾರಿಯಲ್ಲಿತ್ತು.

ಕಾಗದ ಓದಿದ ದಿನ

ಏಳನೇ ಭೇಟಿಗೆ ಬರುವಾಗ ಆ ಸ್ಟ್ರಿಪ್ಪನ್ನೂ ಅದರ ಜೊತೆ ಬಂದ ಮಾಹಿತಿ ಕಾಗದವನ್ನೂ ತನ್ನಿ ಅಂದೆ. "ನುಂಗಿಸೋದಿಲ್ಲ, ನೋಡೋಣ ಅಷ್ಟೆ."

ಕಾಗದ ಬಿಚ್ಚಿದಾಗ ನನಗೇ ಸಂಕಟವಾಯಿತು. ಮಡಿಕೆಗಳು ಹರಿಯುವಷ್ಟು ಸಲ ಅದನ್ನು ಓದಿದ್ದರು. ಸೈಡ್ ಎಫೆಕ್ಟ್ ಭಾಗದಲ್ಲಿ ಪೆನ್ಸಿಲ್ ಗೆರೆಗಳು. ಎದೆಬಡಿತ, ನಡುಕ, ಬೆವರು, ತಲೆಸುತ್ತು, ವಾಕರಿಕೆ, ನಿದ್ದೆ ಬಾರದಿರುವುದು, ಚಡಪಡಿಕೆ. ಒಂದೊಂದಕ್ಕೂ ಗೆರೆ, ಕೆಲವಕ್ಕೆ ಎರಡು.

ಮೊದಲ ಭೇಟಿಯಲ್ಲಿ ಅವರು ಹೇಳಿದ್ದ ಲಕ್ಷಣಗಳ ಪಟ್ಟಿ ನನ್ನ ಫೈಲಿನಲ್ಲಿತ್ತು. ಅದನ್ನು ತೆಗೆದು ಪಕ್ಕದಲ್ಲಿಟ್ಟೆ. ನಾನು ಏನೂ ಹೇಳಲಿಲ್ಲ. ಅವರು ಒಂದು ಬೆರಳು ಈ ಕಾಗದದ ಮೇಲೆ, ಒಂದು ಬೆರಳು ಆ ಕಾಗದದ ಮೇಲೆ ಇಟ್ಟು ಕೆಳಕ್ಕೆ ಸರಿಸುತ್ತಾ ಹೋದರು. ಲ್ಯಾಬಿನಲ್ಲಿ ಎರಡು ರಿಪೋರ್ಟ್ ತಾಳೆ ನೋಡುವವರ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಅಂದರು: "ಇದೆಲ್ಲ ನನಗೆ ಈಗಾಗಲೇ ಇದೆ."

ಈ ಪ್ರಕರಣ ತಿರುಗಿದ್ದು ಅಲ್ಲಿ. ಅವರ ಭಯ ಮಾತ್ರೆಯದ್ದು ಅಂತ ನಾವಿಬ್ಬರೂ ಅಂದುಕೊಂಡಿದ್ದೆವು. ನಿಜಕ್ಕೂ ಅದು ಮಾತ್ರೆಯಿಂದ ಎದೆ ಬಡಿದರೆ ಎಂಬ ಭಯ. ಮೆಟ್ಟಿಲು ಹತ್ತಿದರೆ ಎದೆ ಬಡಿದರೆ, ಲಿಫ್ಟಿನಲ್ಲಿ ಎದೆ ಬಡಿದರೆ ಎಂಬುದರ ಇನ್ನೊಂದು ರೂಪ. ಕಾಯಿಲೆಯೇ ಔಷಧಿಯ ಬಗ್ಗೆ ತೀರ್ಮಾನ ಮಾಡುತ್ತಿತ್ತು. ಇದನ್ನು ನಾನು ಎರಡನೇ ವಾರದಲ್ಲೇ ಹಿಡಿಯಬೇಕಿತ್ತು.

ಹಾಗಂತ ಆ ಕ್ಷಣದಲ್ಲಿ ಅವರು ಮಾತ್ರೆಗೆ ಒಪ್ಪಲಿಲ್ಲ. ಒಪ್ಪಬೇಕು ಅಂತ ನಾನೂ ಒತ್ತಲಿಲ್ಲ. ನನ್ನ ಹಳೆಯ ಮಾತನ್ನು ಮಾತ್ರ ವಾಪಸ್ ತೆಗೆದುಕೊಂಡೆ. "ಮಾತ್ರೆ ಇಲ್ಲದೆ ಆಗುತ್ತೆ ಅಂತ ನಾನು ಅವತ್ತು ಹೇಳಬಾರದಿತ್ತು. ನಿಮಗೆ ಅದು ಇನ್ನೊಂದು ಭಾರ ಆಯ್ತು. ಎರಡು ದಾರಿಯೂ ಸರಿಯೇ. ನಿಮಗೆ ಈಗ ಯಾವುದು ಕೈಗೆಟುಕುತ್ತೆ ಅಂತ ನೋಡೋಣ." ಅವರ ಕಣ್ಣು ತುಂಬಿತು.

ಒಂದು ಹಾಳೆಯ ಒಪ್ಪಂದ

ಅಲ್ಲಿಯವರೆಗೆ ಪ್ರಶ್ನೆ ಇದ್ದದ್ದು "ನಾನು ಮಾತ್ರೆ ತೆಗೆದುಕೊಳ್ಳುವವಳಾ, ಅಲ್ಲವಾ?" ಎಂದು. ಇದಕ್ಕೆ ಯಾರು ಉತ್ತರ ಕೊಡಲು ಸಾಧ್ಯ? ಅದನ್ನು ನಾವು ಸಣ್ಣದು ಮಾಡಿದೆವು: "12 ವಾರ ತೆಗೆದುಕೊಂಡು ನೋಡುವುದಾದರೆ, ಮೊದಲು ನನಗೆ ಏನೇನು ಗೊತ್ತಿರಬೇಕು?" ಅವರು ಪ್ರಶ್ನೆಗಳನ್ನು ಬರೆದರು. ಆ ಹಾಳೆ ಹಿಡಿದು ಮನೋವೈದ್ಯರ ಹತ್ತಿರ ಹೋದರು. ಗಂಡನನ್ನೂ ಕರೆದುಕೊಂಡು ಹೋದರು. ಅದು ಅವರದೇ ಯೋಚನೆ, ಬಹಳ ಒಳ್ಳೆಯ ಯೋಚನೆ.

ಇನ್ನೂ ಕಡಿಮೆಯಿಂದ ಶುರು ಮಾಡಬಹುದಾ? ಮಾಡಬಹುದು ಅಂದರು ವೈದ್ಯರು. 25ರ ಅರ್ಧ, 12.5, ಮೊದಲ ವಾರ. ಪ್ಯಾನಿಕ್ ಇರುವವರಿಗೆ ದೇಹದ ಸಣ್ಣ ಬದಲಾವಣೆಯೂ ದೊಡ್ಡದಾಗಿ ಕಾಣುವುದರಿಂದ ಹೀಗೆ ಮೆಲ್ಲಗೆ ಏರಿಸುವುದು ರೂಢಿ.

ಶುರುವಿನಲ್ಲಿ ಹೆಚ್ಚಾಗುತ್ತಾ? ಆಗಬಹುದು. ಮೊದಲ ಒಂದೆರಡು ವಾರ ಚಡಪಡಿಕೆ, ವಾಕರಿಕೆ, ಆತಂಕ ಜಾಸ್ತಿಯಾಗಬಹುದು. ಬಹಳ ಜನರಿಗೆ ತಾನಾಗಿ ಇಳಿಯುತ್ತದೆ. ತಡೆಯಲಾರದ ಚಡಪಡಿಕೆ, ಮೈಮೇಲೆ ಗಂಧೆ, ಸಾಯಬೇಕು ಎಂಬ ಯೋಚನೆ ಬಂದರೆ ಕಾಯದೆ ತಕ್ಷಣ ತಿಳಿಸಬೇಕು. ಆ ಕೊನೆಯ ಎಚ್ಚರಿಕೆ ಮುಖ್ಯವಾಗಿ 25ಕ್ಕಿಂತ ಕಡಿಮೆ ವಯಸ್ಸಿನವರಿಗೆ ಇರುವುದು. ಆದರೂ ಎಲ್ಲರಿಗೂ ಹೇಳಿಡುತ್ತೇನೆ ಅಂದರಂತೆ.

ವೈದ್ಯರೂ ಕೇಳಿದರು. ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯೇ ಬೇಡ ಎನ್ನುವಷ್ಟು ಹುರುಪು, ಮಿತಿಮೀರಿದ ಖರ್ಚು, ನಿಲ್ಲದ ಮಾತು ಇತ್ತಾ? ಬೈಪೋಲಾರ್ (ಮನಸ್ಸು ಅತಿ ಹುರುಪು ಮತ್ತು ಖಿನ್ನತೆಯ ನಡುವೆ ತೂಗುವ ಕಾಯಿಲೆ) ಇರುವವರಿಗೆ ಈ ಮಾತ್ರೆ ಒಂದೇ ಕೊಟ್ಟರೆ ಉನ್ಮಾದ ಕೆರಳಬಹುದು, ಅದಕ್ಕೆ ಈ ಪ್ರಶ್ನೆ. ಗರ್ಭಿಣಿಯಾಗುವ ಯೋಚನೆ ಇದೆಯಾ? ಬೇರೆ ಏನು ಮಾತ್ರೆ ತಗೋತೀರಿ? ಬೆನ್ನುನೋವಿಗೆ ಆಗಾಗ ಐಬುಪ್ರೊಫೆನ್ ಅಂದರು ಇವರು. ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚು, ಪ್ಯಾರಾಸಿಟಮಾಲ್ ಸಾಕು ಎಂದು ತಿಳಿಯಿತು. ಈ ಒಂದು ವಿಷಯಕ್ಕಾದರೂ ಆ ಭೇಟಿ ಬೇಕಿತ್ತು.

ಕೊನೆಯ ಪ್ರಶ್ನೆ ಗಂಡನದು. "ಜೀವನಪೂರ್ತಿನಾ ಡಾಕ್ಟ್ರೇ?" ಅಲ್ಲ ಅಂದರು. ಗುಣವಾದ ಮೇಲೆ ಕನಿಷ್ಠ ಆರು ತಿಂಗಳು, ಸಾಮಾನ್ಯವಾಗಿ ಒಂದು ವರ್ಷ. ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುವುದು. ಕೆಲವರಿಗೆ ಹೆಚ್ಚು ಕಾಲ ಬೇಕಾಗುತ್ತದೆ, ಅದನ್ನು ಆಗ ನೋಡೋಣ.

ಇವೆಲ್ಲ ಒಂದೇ ಹಾಳೆಗೆ ಇಳಿಯಿತು. ಯಾವಾಗ ಶುರು, ಯಾವಾಗ ಫೋನ್, 12ನೇ ವಾರ ಯಾವುದನ್ನು ನೋಡಿ ಮುಂದುವರಿಸುವುದು, ಯಾವುದನ್ನು ನೋಡಿ ನಿಲ್ಲಿಸುವುದು, ಎಲ್ಲ ಸರಿ ಹೋದರೆ ಯಾವ ತಿಂಗಳು ನಿಲ್ಲಿಸುವುದು. ಕೆಳಗೆ ಅವರೇ ಒಂದು ಸಾಲು ಸೇರಿಸಿದರು: "ಮೊದಲ ಎರಡು ವಾರದಲ್ಲಿ ಏನೂ ತೀರ್ಮಾನ ಮಾಡಬಾರದು."

ಶುರು

ರಜೆಯ ದಿನ ಬೆಳಗ್ಗೆ, ಗಂಡ ಮನೆಯಲ್ಲಿದ್ದಾಗ, ಅರ್ಧ ಮಾತ್ರೆ ನುಂಗಿದರು. ಮೊದಲ ಗಂಟೆಯಲ್ಲೇ ಅಟ್ಯಾಕ್ ಬಂತು. ಅಷ್ಟು ಬೇಗ ಆ ಮಾತ್ರೆ ಏನೂ ಮಾಡಿರಲು ಸಾಧ್ಯವಿಲ್ಲ, ಅದು ಅವರಿಗೂ ಗೊತ್ತಿತ್ತು. ಕುರ್ಚಿಯಲ್ಲಿ ಕೂತು, ಬಂದದ್ದನ್ನು ಬರಲು ಬಿಟ್ಟರು. ಹನ್ನೆರಡು ನಿಮಿಷ. ಅಷ್ಟು ದಿನ ನಾನು ಕುರ್ಚಿ ಸುತ್ತಿಸಿ ಕಲಿಸಲು ಹೊರಟದ್ದನ್ನು ಅರ್ಧ ಮಾತ್ರೆ ಒಂದೇ ಬೆಳಗ್ಗೆ ಕಲಿಸಿತು.

ಮೊದಲ ವಾರ ವಾಕರಿಕೆ. ಎರಡನೇ ವಾರ 25ಕ್ಕೆ ಏರಿದಾಗ ಚಡಪಡಿಕೆ ನಿಜಕ್ಕೂ ಜಾಸ್ತಿಯಾಯಿತು. ಒಂಬತ್ತನೇ ದಿನ ರಾತ್ರಿ ಬಿಟ್ಟೇಬಿಡುತ್ತೇನೆ ಅಂತ ಎದ್ದು ಕೂತರು. ಗಂಡ ಆ ಹಾಳೆ ತಂದು ಕೈಗಿಟ್ಟರಂತೆ, ಏನೂ ಮಾತಾಡದೆ. ಅವರದೇ ಅಕ್ಷರ, ಅವರದೇ ಸಾಲು. ಮರುದಿನ ಬೆಳಗ್ಗೆ ವೈದ್ಯರಿಗೆ ಫೋನ್ ಮಾಡಿದರು. 50ಕ್ಕೆ ಏರಿಸುವುದನ್ನು ಇನ್ನೊಂದು ವಾರ ಮುಂದೂಡಿದರು. ಅಷ್ಟೇ ಬದಲಾವಣೆ, ಸಾಕಾಯಿತು.

ನಾಲ್ಕನೇ ವಾರ ನಿದ್ದೆ ಬಂತು. ಮೊದಲು ಬಂದದ್ದು ನಿದ್ದೆಯೇ. ಆರನೇ ವಾರ ಅಟ್ಯಾಕ್ ಒಂದು, ಏಳನೇ ವಾರ ಇಲ್ಲ. ಈ ಹೊತ್ತಿಗೆ ನಾವು ಕುರ್ಚಿಗೆ ವಾಪಸ್ ಹೋದೆವು. ಇದನ್ನು ಒತ್ತಿ ಹೇಳಬೇಕು. ಮಾತ್ರೆ ಭಯದ ದನಿ ತಗ್ಗಿಸುತ್ತದೆ, ಆದರೆ ಕಾರು ಓಡಿಸುವುದಿಲ್ಲ. ಸೇತುವೆ ದಾಟುವುದನ್ನು ಅವರೇ ಕಲಿಯಬೇಕಿತ್ತು. ಮೊದಲು ನಿಂತ ಕಾರಿನಲ್ಲಿ ಕೂತರು. ಆಮೇಲೆ ಗಂಡನ ಜೊತೆ ಒಂದು ಸುತ್ತು, ಆಮೇಲೆ ಒಬ್ಬರೇ ಒಂದು ಸುತ್ತು. ಹತ್ತನೇ ವಾರ ಸೇತುವೆ.

2000ದಲ್ಲಿ ಡೇವಿಡ್ ಬಾರ್ಲೋ ಮತ್ತು ಸಂಗಡಿಗರು 312 ಪ್ಯಾನಿಕ್ ರೋಗಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಇಮಿಪ್ರಮಿನ್ ಎಂಬ ಹಳೆಯ ಮಾತ್ರೆಯೂ ಕೆಲಸ ಮಾಡಿತು, ಸಿಬಿಟಿಯೂ ಕೆಲಸ ಮಾಡಿತು. ಚಿಕಿತ್ಸೆ ನಿಲ್ಲಿಸಿದ ಮೇಲೆ ಗುಣ ಹೆಚ್ಚು ಉಳಿದದ್ದು ಮಾತ್ರೆಯಿಲ್ಲದೆ ಸಿಬಿಟಿ ಪಡೆದವರಲ್ಲಿ. ನಾನು ಇದನ್ನು ಮಾತ್ರೆಯ ವಿರುದ್ಧದ ವಾದವಾಗಿ ಓದುತ್ತಿದ್ದೆ. ಈಗ ಹಾಗೆ ಓದುವುದಿಲ್ಲ. ಮಾತ್ರೆ ತೆಗೆದುಕೊಳ್ಳುವವರು ಅದು ಕೊಟ್ಟ ಬಿಡುವಿನಲ್ಲಿ ಅಭ್ಯಾಸವನ್ನೂ ಮುಗಿಸಿಕೊಳ್ಳಬೇಕು, ಮಾತ್ರೆ ಬಿಟ್ಟ ಮೇಲೂ ಅದನ್ನು ಬಿಡಬಾರದು ಅಂತ ಓದುತ್ತೇನೆ.

ಪರ್ಸಿನಲ್ಲಿದ್ದ ಇನ್ನೊಂದು

ಎಂಟನೇ ವಾರ ಮಾತಿನ ನಡುವೆ ಗೊತ್ತಾಯಿತು, ಅಲ್ಪ್ರಜೋಲಮ್ ಇನ್ನೂ ಪರ್ಸಿನಲ್ಲಿತ್ತು. ಒಂದೇ ಮಾತ್ರೆ, ಸ್ಟ್ರಿಪ್ಪಿನಿಂದ ಕತ್ತರಿಸಿದ ಚೌಕದಲ್ಲಿ. ತಿಂಗಳುಗಳಿಂದ ನುಂಗಿಲ್ಲ. ಆದರೆ ಪರ್ಸ್ ಮರೆತರೆ ಅರ್ಧ ದಾರಿಯಿಂದ ವಾಪಸ್ ಬರುತ್ತಿದ್ದರು. ನುಂಗದ ಮಾತ್ರೆಯೂ ಕೆಲಸ ಮಾಡುತ್ತಿತ್ತು, ಬೇಡದ ಕೆಲಸ. "ಇವತ್ತು ಏನೂ ಆಗಲಿಲ್ಲ, ಯಾಕಂದ್ರೆ ಅದು ಜೊತೆಗಿತ್ತು" ಎಂದು ಕಲಿಸುತ್ತಿತ್ತು. ವೈದ್ಯರ ಒಪ್ಪಿಗೆ ಪಡೆದು ಅದನ್ನು ಮೆಲ್ಲಗೆ ದೂರ ಮಾಡಿದೆವು. ಪರ್ಸಿನಿಂದ ಕಾರಿಗೆ, ಕಾರಿನಿಂದ ಮನೆಗೆ, ಕೊನೆಗೆ ಔಷಧಿ ಅಂಗಡಿಗೆ ವಾಪಸ್. ನಿಜ ಹೇಳಬೇಕೆಂದರೆ, ಸೇತುವೆಗಿಂತ ಇದು ಅವರಿಗೆ ಕಷ್ಟವಾಯಿತು.

ಇಲ್ಲಿ ಒಂದು ಎಚ್ಚರಿಕೆ. ಇವರು ಅದನ್ನು ದಿನಾ ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಹೀಗೆ ಬಿಡಲು ಸಾಧ್ಯವಾಯಿತು. ದಿನಾ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸಬಾರದು. ವೈದ್ಯರ ಜೊತೆ ಸೇರಿ ಇಳಿಸಬೇಕು.

12ನೇ ವಾರ

ಅಂಕ 19ರಿಂದ 7ಕ್ಕೆ ಬಂದಿತ್ತು. ಪೂರ್ತಿ ದಿನಗಳ ಕೆಲಸ ಮತ್ತೆ ಶುರುವಾಗಿತ್ತು. ಆ ಭೇಟಿಯಲ್ಲಿ ನಾನು ನೇರವಾಗಿ ಕೇಳಿದೆ: "ದಾಂಪತ್ಯದಲ್ಲಿ ಏನಾದರೂ ವ್ಯತ್ಯಾಸ ಆಗಿದೆಯಾ?" ತಲೆ ತಗ್ಗಿಸಿ ಹೌದು ಅಂದರು. ಆಸೆ ಕಡಿಮೆಯಾಗಿತ್ತು. ಈ ಗುಂಪಿನ ಮಾತ್ರೆಗಳಲ್ಲಿ ಇದು ಬಹಳ ಜನರಿಗೆ ಆಗುತ್ತದೆ, ಬಹಳ ಕಡಿಮೆ ಜನ ಬಾಯಿಬಿಡುತ್ತಾರೆ. ಎಷ್ಟೋ ಜನ ಹೇಳಲಾರದೆ ಒಂದು ದಿನ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಕೇಳುವುದು ನಮ್ಮ ಕೆಲಸ. ವೈದ್ಯರು ಡೋಸ್ ಇಳಿಸುವ, ಮಾತ್ರೆ ಬದಲಿಸುವ ದಾರಿ ತಿಳಿಸಿದರು. ಇವರು ಗಂಡನ ಜೊತೆ ಮಾತಾಡಿ, ಸದ್ಯ ಹೀಗೇ ಇರಲಿ ಎಂದರು. ಹಾಳೆಯಲ್ಲಿ ನಿಲ್ಲಿಸುವ ತಿಂಗಳು ಬರೆದಿತ್ತಲ್ಲ, ಅದು ಆ ತೀರ್ಮಾನವನ್ನು ಹಗುರ ಮಾಡಿತು.

ಬಿಡುವಾಗ

ಹದಿನಾಲ್ಕನೇ ತಿಂಗಳಲ್ಲಿ ಇಳಿಸಲು ಶುರು ಮಾಡಿದರು. 50ರಿಂದ 25ಕ್ಕೆ ಏನೂ ಆಗಲಿಲ್ಲ. 25ರಿಂದ 12.5ಕ್ಕೆ ಬಂದ ಮೂರನೇ ದಿನ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಚಳಕ್ ಚಳಕ್. ವಾರದ ಕೊನೆಗೆ ಒಂದು ಅಟ್ಯಾಕ್. ಎಷ್ಟೋ ತಿಂಗಳ ಮೇಲೆ ಬಂದದ್ದು. "ಎಲ್ಲಾ ಮತ್ತೆ ಮೊದಲಿಂದನಾ ಮೇಡಂ?"

ಇದು ಕಾಯಿಲೆ ಮರಳಿದ್ದಾ, ಮಾತ್ರೆ ಇಳಿದದ್ದಕ್ಕೆ ದೇಹದ ಪ್ರತಿಕ್ರಿಯೆಯಾ? ಹೇಗೆ ಬಂತು ಅನ್ನುವುದು ಸುಳಿವು ಕೊಡುತ್ತದೆ. ಡೋಸ್ ಇಳಿಸಿದ ಕೆಲವೇ ದಿನಗಳಲ್ಲಿ ಶುರುವಾಗಿ, ಮೊದಲು ಎಂದೂ ಇರದ ಕರೆಂಟಿನ ಅನುಭವ ಜೊತೆಗಿದ್ದರೆ ಅದು ಹೆಚ್ಚಾಗಿ ಬಿಡುವಾಗಿನ ತೊಂದರೆ. ಕಾಯಿಲೆ ಮರಳುವುದು ಸಾಮಾನ್ಯವಾಗಿ ನಿಧಾನ, ಹಳೆಯ ಮುಖ ಹೊತ್ತೇ ಬರುತ್ತದೆ. ವೈದ್ಯರು 25ಕ್ಕೆ ವಾಪಸ್ ಕಳಿಸಿ ನಾಲ್ಕು ವಾರ ಅಲ್ಲೇ ನಿಲ್ಲಿಸಿದರು. ಆಮೇಲೆ ಇನ್ನೂ ಸಣ್ಣ ಹೆಜ್ಜೆಗಳಲ್ಲಿ ಇಳಿಸಿದರು. ಅಂದುಕೊಂಡದ್ದಕ್ಕಿಂತ ಎರಡು ತಿಂಗಳು ತಡವಾಗಿ ಮಾತ್ರೆ ನಿಂತಿತು.

ನಿಂತು ಈಗ ಒಂದು ವರ್ಷದ ಮೇಲಾಯಿತು. ಈ ಅವಧಿಯಲ್ಲಿ ಎರಡು ಅಟ್ಯಾಕ್ ಬಂದಿವೆ. ಒಂದು ಜ್ವರದ ದಿನ, ಇನ್ನೊಂದು ಹಾಗೇ ಸುಮ್ನೆ. ಎರಡೂ ಸಲ ಮರುದಿನ ಕೆಲಸಕ್ಕೆ ಹೋಗಿದ್ದಾರೆ.

ಬೇರೆಯವರಿಗೆ ಇದು ಹೇಗೆ ಉಪಯೋಗ

ಇದನ್ನು ಓದಿ "ಹಾಗಾದರೆ ಮಾತ್ರೆಯೇ ಸರಿ" ಎಂದುಕೊಳ್ಳಬೇಡಿ. ಅದೇ ವರ್ಷ ಇನ್ನೊಬ್ಬರು ನನ್ನ ಹತ್ತಿರ ಬಂದಿದ್ದರು. ಇದೇ ಹಾಳೆ, ಇದೇ ಪ್ರಶ್ನೆಗಳು. ಅವರಿಗೆ ನಿದ್ದೆ ಇತ್ತು, ಅಭ್ಯಾಸ ಮಾಡುವ ಶಕ್ತಿ ಇತ್ತು, ಮಾತ್ರೆ ಬೇಡ ಅಂದರು. ಆ ತೀರ್ಮಾನಕ್ಕೂ ದಿನಾಂಕ ಹಾಕಿದೆವು, ಹತ್ತು ವಾರದಲ್ಲಿ ಇಷ್ಟಾಗದಿದ್ದರೆ ಮತ್ತೆ ಯೋಚಿಸುವುದು ಅಂತ. ಅವರೂ ಚೆನ್ನಾಗಿದ್ದಾರೆ. "ಬೇಡ" ಅನ್ನುವುದನ್ನೂ "ಬೇಕು" ಅನ್ನುವುದರ ಹಾಗೆಯೇ ಬರೆದು, ಅವಧಿ ಇಟ್ಟು, ತಿರುಗಿ ನೋಡಬೇಕು. ಡ್ರಾಯರ್‌ನಲ್ಲಿ ಬಿಟ್ಟ ಮಾತ್ರೆಗೆ ಅವಧಿಯೇ ಇರಲಿಲ್ಲ, ಅದೇ ಅವರನ್ನು ಸುಸ್ತು ಮಾಡಿದ್ದು.

ನನ್ನಂಥ ವೃತ್ತಿಯವರಿಗೆ ಒಂದು ಮಾತು. ನಾವು ಮಾತ್ರೆ ಬರೆಯುವುದಿಲ್ಲ, ಆದರೆ ನಮ್ಮ ಮುಖದ ಮೇಲೆ ಅಭಿಪ್ರಾಯ ಇದ್ದೇ ಇರುತ್ತದೆ. ಎದುರಿಗಿರುವವರು ಅದನ್ನು ಓದುತ್ತಾರೆ. ಈ ಪ್ರಕರಣ ಆದ ಮೇಲೆ ಯಾರಾದರೂ "ತಗೋಬೇಕಾ?" ಅಂತ ಕೇಳಿದರೆ, "ತಗೊಂಡ್ರೆ ಏನಾಗಬಹುದು ಅಂತ ಹೆದರಿಕೆ?" ಎಂದು ಮೊದಲು ಕೇಳುತ್ತೇನೆ. ಆಮೇಲೆ ಅವರು ಹೇಳಿದ್ದನ್ನು ಅವರ ಲಕ್ಷಣಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡುತ್ತೇನೆ.

ಕೊನೆಯ ಭೇಟಿಗೆ ಅವರು ಆ ಹಾಳೆ ತಂದಿದ್ದರು. ಕೆಳಗೆ ಖಾಲಿ ಜಾಗದಲ್ಲಿ ಹೊಸದಾಗಿ ಬರೆದಿದ್ದರು, ಬೇರೆ ಬಣ್ಣದ ಪೆನ್ನಿನಲ್ಲಿ: "ಮತ್ತೆ ಬಂದರೆ: ಕುರ್ಚಿ ಸುತ್ತುವುದು. ಏನೇನು ಬಿಡುತ್ತಿದ್ದೇನೆ ಅಂತ ಬರೆಯುವುದು. ಮೂರು ವಾರ ನೋಡುವುದು. ಆಮೇಲೂ ಇದ್ದರೆ ಡಾಕ್ಟರ ಹತ್ತಿರ. ಡ್ರಾಯರ್‌ನಲ್ಲಿ ಇಡುವುದಿಲ್ಲ."